ಮೊದಲ ಸಲ ಡಿಎಚ್‌ಸಿಪಿ ಸರ್ವರ್ ಹಾಕುವ ಮುಂಚೆ, ಈಗ ನಂಬರ್ ಹಂಚುತ್ತಿರುವವರು ಯಾರು ನೋಡಿ

ಮಳೆ ಹಿಡಿದ ಮೇಲೆ ಒಂದು ಭಾನುವಾರ ಕೊಡಗಿನ ಗೋಣಿಕೊಪ್ಪಲಿನಲ್ಲಿ ಹೋಂಸ್ಟೇ ನಡೆಸುವವರು, ಶಾಲೆಯ ಕಂಪ್ಯೂಟರ್ ಮೇಷ್ಟ್ರುಗಳು, ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರುಗಳು ಒಂದಿಷ್ಟು ಜನ ಸೇರಿದ್ದರು. ಅಲ್ಲಿ ಆಡಿದ ಮಾತು ಇದು. ಎರಡು ಸಲ ಕರೆಂಟ್ ಹೋಯಿತು, ಪ್ರೊಜೆಕ್ಟರ್ ಕೈಕೊಟ್ಟಿತು, ಕೊನೆಗೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲೇ ಬರೆದು ಮುಗಿಸಿದೆ. ಹೊರಡುವಾಗ ಮೂರ್ನಾಲ್ಕು ಜನ "ಇದನ್ನೇ ಬರೆದು ಕೊಡಿ" ಅಂದರು. ಬರೆದಿದ್ದೇನೆ. ನಾನು ದಾರಿ ತಪ್ಪಿ ಎಲ್ಲೆಲ್ಲೋ ಹೋದ ಕಡೆ ಮಾತ್ರ ಕತ್ತರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಶೀಟಿನ ಮೇಲೆ ಬೀಳುವ ಮಳೆಯಲ್ಲಿ ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ಗಂಟಲು ಏರಿಸುತ್ತೇನೆ.

ಡಿಎಚ್‌ಸಿಪಿ ಸರ್ವರ್ ಅಂದರೆ ನೆಟ್‌ವರ್ಕಿಗೆ ಬಂದ ಪ್ರತಿ ಕಂಪ್ಯೂಟರಿಗೂ ಫೋನಿಗೂ ಐಪಿ ಅಡ್ರೆಸ್ ಅನ್ನುವ ನಂಬರನ್ನು ತಾನಾಗಿ ಹಂಚುವ ವ್ಯವಸ್ಥೆ. ಅದನ್ನು ಹಾಕುವುದು ಹದಿನೈದು ನಿಮಿಷದ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಷ್ಟೇ ಕಲಿಯಲು ಬಂದವರಿಗೆ ನಾನು ಬೇಕಾಗಿಲ್ಲ, ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ. ಆ ಹದಿನೈದು ನಿಮಿಷಕ್ಕೆ ಮುಂಚೆ ಒಂದು ಅರ್ಧ ದಿನದ ಕೆಲಸ ಇದೆ. ಅದನ್ನು ಮಾಡದೆ ಎರಡು ಕಡೆ ಮುಖ ಕೆಡಿಸಿಕೊಂಡಿದ್ದೇನೆ. ಇವತ್ತು ಜಾಸ್ತಿ ಅದನ್ನೇ ಹೇಳುತ್ತೇನೆ.

ಮೊದಲ ಸಲ ಹಾಕಿದ್ದು ಒಂದು ಶಾಲೆಯಲ್ಲಿ. ಯಾವ ಶಾಲೆ ಅಂತ ಬೇಡ. ಲ್ಯಾಬಿನಲ್ಲಿ 32 ಕಂಪ್ಯೂಟರ್. ಎಲ್ಲದಕ್ಕೂ ಕೈಯಲ್ಲೇ ಐಪಿ ಅಡ್ರೆಸ್ ತುಂಬಿಸಿಟ್ಟಿದ್ದರು. ಯಾವುದಕ್ಕೆ ಯಾವ ನಂಬರ್ ಅನ್ನುವುದು ಒಂದು ನೋಟ್‌ಬುಕ್ಕಿನಲ್ಲಿ ಇತ್ತಂತೆ, ಅದನ್ನು ಬರೆದ ಮೇಷ್ಟ್ರಿಗೆ ವರ್ಗವಾಗಿ ಎರಡು ವರ್ಷ ಆಗಿತ್ತು, ನೋಟ್‌ಬುಕ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಹೊಸ ಲ್ಯಾಪ್‌ಟಾಪ್ ಬಂದಾಗ ಯಾರೋ ಅಂದಾಜಿನ ಮೇಲೆ ಒಂದು ನಂಬರ್ ಹಾಕುತ್ತಿದ್ದರು. ಆ ನಂಬರ್ ಆಗಲೇ ಇನ್ನೊಂದರಲ್ಲಿ ಇದ್ದರೆ ಎರಡೂ ಕಿತ್ತಾಡಿ, ಒಮ್ಮೆ ಇದಕ್ಕೆ ನೆಟ್, ಒಮ್ಮೆ ಅದಕ್ಕೆ. ಮಕ್ಕಳು "ಸರ್, ಕಂಪ್ಯೂಟರ್ ಕೆಟ್ಟಿದೆ" ಅನ್ನುತ್ತಿದ್ದರು. ಕಂಪ್ಯೂಟರ್ ಚೆನ್ನಾಗೇ ಇತ್ತು.

ನಾನು ಶನಿವಾರ ಮಧ್ಯಾಹ್ನ ಹೋಗಿ, ಮೂಲೆಯಲ್ಲಿದ್ದ ಒಂದು ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಡಿಎನ್‌ಎಸ್‌ಮಾಸ್ಕ್ ಅನ್ನುವ ಪುಟ್ಟ ಸಾಫ್ಟ್‌ವೇರ್ ಕೂರಿಸಿ, ನಾಲ್ಕು ಸಾಲು ಬರೆದು ಚಾಲೂ ಮಾಡಿದೆ. ಎರಡು ಕಂಪ್ಯೂಟರಿನಲ್ಲಿ ಕೈಯಲ್ಲಿ ತುಂಬಿಸಿದ ನಂಬರ್ ತೆಗೆದು, ಆಫ್ ಮಾಡಿ ಆನ್ ಮಾಡಿದರೆ ತಾವಾಗಿಯೇ ನಂಬರ್ ತಗೊಂಡವು. ಸರ್ವರಿಗೆ ಪಿಂಗ್ ಹೊಡೆದೆ, ಅಂದರೆ ನೆಟ್‌ವರ್ಕಿನಲ್ಲಿ "ಇದ್ದೀಯಾ" ಅಂತ ಕೇಳಿದೆ, ಉತ್ತರ ಬಂತು. ಉಳಿದ 30ನ್ನೂ ಹಾಗೇ ಬದಲಾಯಿಸಿ, ಕಾಫಿ ಕುಡಿದು ಮನೆಗೆ ಬಂದೆ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್. "ಸರ್, ಎಲ್ಲದಕ್ಕೂ ನಂಬರ್ ಬಂದಿದೆ, ಒಂದಕ್ಕೂ ನೆಟ್ ಇಲ್ಲ. ಪ್ರಿಂಟರೂ ಹೋಯಿತು."

ಏನಾಗಿತ್ತು ಅಂತ ಆಮೇಲೆ ಹೇಳುತ್ತೇನೆ. ಮೊದಲು ಈ ಡಿಎಚ್‌ಸಿಪಿ ಏನು ಮಾಡುತ್ತದೆ ಅಂತ ನೋಡೋಣ. ಇದಕ್ಕೆ ನಮ್ಮೂರಲ್ಲೇ ಒಳ್ಳೆ ಉದಾಹರಣೆ ಇದೆ.

ಇಲ್ಲಿ ಕೂತವರಲ್ಲಿ ಅರ್ಧ ಜನ ತೋಟದ ಕೆಲಸದವರ ಸಾಲು ಮನೆಗಳನ್ನು, ಲೈನ್ ಮನೆ ನೋಡಿಕೊಂಡೇ ಬೆಳೆದವರು. ಕಾಫಿ ಹಣ್ಣು ಕೊಯ್ಯುವ ಸಮಯಕ್ಕೆ ಹೊರಗಿನಿಂದ ಕೆಲಸದವರು ಬರುತ್ತಾರೆ. ಬಂದವರು ನೇರವಾಗಿ ಯಾವುದೋ ಮನೆಗೆ ನುಗ್ಗುವುದಿಲ್ಲ, ಆಫೀಸಿಗೆ ಬಂದು ರೈಟರನ್ನು ಕೇಳುತ್ತಾರೆ. ರೈಟರ್ ಪುಸ್ತಕ ತೆಗೆದು, ಖಾಲಿ ಇರುವುದು ಯಾವುದು ನೋಡಿ, "7ನೇ ನಂಬರ್ ನಿಮಗೆ, ಕೊಯ್ಲು ಮುಗಿಯುವವರೆಗೆ, ಗೇಟ್ ಆ ಕಡೆ ಇದೆ, ಏನಾದರೂ ವಿಚಾರಿಸಬೇಕಾದರೆ ಮೇಸ್ತ್ರಿಯನ್ನು ಕೇಳಿ" ಅಂತ ಹೇಳಿ ಬರೆದುಕೊಳ್ಳುತ್ತಾನೆ. ಇಷ್ಟೇ ಡಿಎಚ್‌ಸಿಪಿ. ಮನೆ ನಂಬರ್ ಅಂದರೆ ಐಪಿ ಅಡ್ರೆಸ್. ಕೊಯ್ಲು ಮುಗಿಯುವವರೆಗೆ ಅನ್ನುವುದು ಲೀಸ್. ಹೊರಗೆ ಹೋಗುವ ಗೇಟ್ ಅಂದರೆ ಗೇಟ್‌ವೇ. ವಿಚಾರಿಸಬೇಕಾದ ಮೇಸ್ತ್ರಿ ಅಂದರೆ ಡಿಎನ್‌ಎಸ್, ವೆಬ್‌ಸೈಟಿನ ಹೆಸರು ಹೇಳಿದರೆ ಅದರ ನಂಬರ್ ಹುಡುಕಿ ಕೊಡುವವನು. ವರ್ಷಗಟ್ಟಲೆ ಇರುವ ಕೆಲಸದವರಿಗೆ ಅದೇ ಮನೆ ಖಾಯಂ ಇರುತ್ತದಲ್ಲ, ಬೇರೆಯವರಿಗೆ ಕೊಡುವುದಿಲ್ಲ, ಅದು ರಿಸರ್ವೇಶನ್. ರೈಟರನ ಕ್ವಾರ್ಟರ್ಸು ಆ ಪಟ್ಟಿಯಲ್ಲೇ ಇರುವುದಿಲ್ಲ, ಅದು ಮೊದಲಿಂದ ಒಂದೇ ಕಡೆ. ಸರ್ವರಿನ ಅಡ್ರೆಸ್ ಕೂಡ ಹಾಗೆ ಕೈಯಲ್ಲಿ ಕೂರಿಸಿದ ಖಾಯಂ ಅಡ್ರೆಸ್ ಆಗಿರಬೇಕು. ತಾನೇ ಮನೆ ಇಲ್ಲದೆ ಅಲೆಯುವ ರೈಟರ್ ಯಾರಿಗೆ ಮನೆ ಕೊಡುತ್ತಾನೆ?

ಈಗ ಯೋಚನೆ ಮಾಡಿ. ಒಂದೇ ತೋಟದಲ್ಲಿ ಇಬ್ಬರು ರೈಟರುಗಳು, ಇಬ್ಬರ ಹತ್ತಿರವೂ ಬೇರೆ ಬೇರೆ ಪುಸ್ತಕ, ಒಬ್ಬನಿಗೆ ಇನ್ನೊಬ್ಬ ಇರುವುದೇ ಗೊತ್ತಿಲ್ಲ. ಆಗ ಏನಾಗುತ್ತದೋ ಅದೇ ನೆಟ್‌ವರ್ಕಿನಲ್ಲೂ ಆಗುತ್ತದೆ. ಅದನ್ನೂ ಅನುಭವಿಸಿದ್ದೇನೆ, ಬರುತ್ತೇನೆ.

ಹೊಸದಾಗಿ ಬಂದ ಫೋನಿಗೆ ರೈಟರ್ ಎಲ್ಲಿದ್ದಾನೆ ಅಂತ ಗೊತ್ತಿಲ್ಲ, ತನ್ನ ಅಡ್ರೆಸ್ಸೂ ಇಲ್ಲ. ಹಾಗಾಗಿ ಗುಡ್ಡದ ಈ ಕಡೆ ನಿಂತು ಕೂಗಿದ ಹಾಗೆ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. 0.0.0.0 ಅನ್ನುವ ಅಡ್ರೆಸ್ಸಿನಿಂದ 255.255.255.255ಕ್ಕೆ. "ಯಾರಾದರೂ ನಂಬರ್ ಕೊಡುವವರು ಇದ್ದೀರಾ?" ಇದು ಡಿಸ್ಕವರ್. ಸರ್ವರ್ "ಈ ನಂಬರ್ ಕೊಡಬಹುದು" ಅನ್ನುತ್ತದೆ, ಅದು ಆಫರ್. ಫೋನ್ "ಸರಿ, ಅದನ್ನೇ ಕೊಡಿ" ಅಂತ ಮತ್ತೆ ಕೂಗುತ್ತದೆ, ಅದು ರಿಕ್ವೆಸ್ಟ್. ಸರ್ವರ್ "ಬರೆದುಕೊಂಡೆ, ನಿನ್ನದೇ" ಅನ್ನುತ್ತದೆ, ಅದು ಆಕ್. ಎರಡನೇ ಸಲವೂ ಎಲ್ಲರಿಗೂ ಕೇಳುವಂತೆ ಯಾಕೆ ಕೂಗಬೇಕು ಅಂದರೆ, ಇಬ್ಬರು ಆಫರ್ ಕೊಟ್ಟಿದ್ದರೆ ತಾನು ಒಪ್ಪಿದ್ದು ಯಾರದ್ದು ಅಂತ ಇನ್ನೊಬ್ಬನಿಗೂ ತಿಳಿದು, ಅವನು ತನ್ನ ನಂಬರನ್ನು ವಾಪಸ್ ಇಟ್ಟುಕೊಳ್ಳಲಿ ಅಂತ. ಸಾಮಾನ್ಯವಾಗಿ ಮೊದಲು ಬಂದ ಆಫರನ್ನೇ ಒಪ್ಪುತ್ತವೆ. ಸರ್ವರ್ ಕೇಳಿಸಿಕೊಳ್ಳುವುದು ಯುಡಿಪಿ 67ನೇ ಪೋರ್ಟಿನಲ್ಲಿ, ಫೋನ್ ಕಾಯುವುದು 68ರಲ್ಲಿ. ಈ ಪೋರ್ಟ್ ಅಂದರೆ ಕೇಬಲ್ ಚುಚ್ಚುವ ತೂತಲ್ಲ, ಒಂದೊಂದು ಕೆಲಸಕ್ಕೆ ಇಟ್ಟ ನಂಬರಿನ ಕಿಟಕಿ ಇದ್ದ ಹಾಗೆ.

ಎಷ್ಟು ಕೂಗಿದರೂ ಯಾರೂ ಓಗೊಡದಿದ್ದರೆ? ವಿಂಡೋಸ್ ಕಂಪ್ಯೂಟರ್ ಬೇಸರಪಟ್ಟು ತಾನೇ 169.254 ಅಂತ ಶುರುವಾಗುವ ಒಂದು ಅಡ್ರೆಸ್ ಹಾಕಿಕೊಳ್ಳುತ್ತದೆ. ಅದರಿಂದ ಇಂಟರ್‌ನೆಟ್ ಬರುವುದಿಲ್ಲ. ಎಲ್ಲಾದರೂ 169.254 ಕಂಡರೆ ಕೂಗಿಗೆ ಉತ್ತರ ಸಿಕ್ಕಿಲ್ಲ ಅಂತ ಅರ್ಥ. ಈ ನಂಬರ್ ನೆನಪಿರಲಿ, ಇನ್ನೊಂದು ಸ್ವಲ್ಪ ಹೊತ್ತಿಗೆ ಇದನ್ನು ನೋಡಿ ಖುಷಿ ಪಡಿ ಅಂತ ನಾನೇ ಹೇಳುವವನಿದ್ದೇನೆ.

ಈ 67, 68 ಎಲ್ಲಿಂದ ಬಂತು ಅಂತ ಒಬ್ಬರು ಆಗಲೇ ಕೇಳಿದರು. ಡಿಎಚ್‌ಸಿಪಿಗೆ ಮುಂಚೆ ಬೂಟ್‌ಪಿ ಅಂತ ಇತ್ತು, 1985ರದ್ದು, ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಬರೆದದ್ದು. ಡಿಸ್ಕ್ ಇಲ್ಲದ ಕಂಪ್ಯೂಟರುಗಳು ಆನ್ ಆದಾಗ ತಮ್ಮ ಅಡ್ರೆಸ್ ಕೇಳಿ ತಿಳಿಯಲು ಮಾಡಿದ್ದು. ಆದರೆ ಅಲ್ಲಿ ಯಾವ ಮೆಷಿನಿಗೆ ಯಾವ ನಂಬರ್ ಅಂತ ಮನುಷ್ಯರೇ ಮೊದಲು ಪಟ್ಟಿ ಬರೆದಿಡಬೇಕಿತ್ತು. ಸ್ವಲ್ಪ ದಿನಕ್ಕೆ ಕೊಟ್ಟು ವಾಪಸ್ ತಗೊಳ್ಳುವ ಲೆಕ್ಕ ಇರಲಿಲ್ಲ. 1993ರಲ್ಲಿ ಡಿಎಚ್‌ಸಿಪಿ ಬಂದಾಗ ಹೊಸದಾಗಿ ಸೇರಿದ್ದು ಮುಖ್ಯವಾಗಿ ಆ ಲೀಸ್. ಪೋರ್ಟುಗಳನ್ನು ಹಳೆಯದರಿಂದಲೇ ತಗೊಂಡರು. ಈಗಲೂ ನಾವು ಬಳಸುವುದು 1997ರಲ್ಲಿ ರಾಲ್ಫ್ ಡ್ರಾಮ್ಸ್ ಬರೆದ ಆರ್‌ಎಫ್‌ಸಿ 2131 ಅನ್ನುವ ನಿಯಮದ ದಾಖಲೆ. ಇತಿಹಾಸ ಸಾಕು, ಕರೆಂಟ್ ಹೋಗುವ ಮುಂಚೆ ಕೆಲಸದ ಮಾತು.

ಮೊದಲನೆಯದಾಗಿ, ನಿಮಗೆ ಬೇರೆ ಸರ್ವರ್ ಬೇಕಾ? ಮನೆಯಲ್ಲಿ, ನಾಲ್ಕು ರೂಮಿನ ಹೋಂಸ್ಟೇಯಲ್ಲಿ, ರೂಟರಿನೊಳಗೇ ಇರುವ ಡಿಎಚ್‌ಸಿಪಿ ಸಾಕು. ಅದು ಇಷ್ಟು ದಿನ ಸುಮ್ನೆ ಕೆಲಸ ಮಾಡಿಕೊಂಡು ಬಂದಿದ್ದರೆ ಕೈ ಹಾಕಬೇಡಿ. ಬೇರೆ ಸರ್ವರ್ ಬೇಕಾಗುವುದು ರಿಸರ್ವೇಶನ್ ಜಾಸ್ತಿ ಇದ್ದಾಗ, ಯಾರಿಗೆ ಯಾವಾಗ ಯಾವ ನಂಬರ್ ಹೋಯಿತು ಅಂತ ದಾಖಲೆ ಬೇಕಾದಾಗ, ಲ್ಯಾಬಿನ ಕಂಪ್ಯೂಟರುಗಳನ್ನು ನೆಟ್‌ವರ್ಕಿನಿಂದಲೇ ಬೂಟ್ ಮಾಡಬೇಕಾದಾಗ, ಇಲ್ಲವೇ ಅತಿಥಿಗಳಿಗೆ, ಕ್ಯಾಮೆರಾಗಳಿಗೆ, ಆಫೀಸಿಗೆ ಬೇರೆ ಬೇರೆ ನೆಟ್‌ವರ್ಕ್ ಮಾಡಿದಾಗ. ಆ ಕೊನೆಯದರಲ್ಲಿ ಒಂದು ತೊಡಕಿದೆ. ಕೂಗು ರೂಟರ್ ದಾಟಿ ಆಚೆ ಹೋಗುವುದಿಲ್ಲ. ಆಚೆಯ ನೆಟ್‌ವರ್ಕಿನ ಕೂಗನ್ನು ಸರ್ವರಿಗೆ ಮುಟ್ಟಿಸಲು ರೂಟರಿನಲ್ಲಿ ಡಿಎಚ್‌ಸಿಪಿ ರಿಲೇ ಅನ್ನುವುದನ್ನು ಹಾಕಬೇಕು. ಮೊದಲ ಸಲ ಮಾಡುವವರು ಒಂದೇ ನೆಟ್‌ವರ್ಕಿನಲ್ಲಿ ಕಲಿಯಿರಿ, ಆಮೇಲೆ ಅದು.

ಇನ್ನು ಅರ್ಧ ದಿನದ ಕೆಲಸ. ಒಂದು ಪುಸ್ತಕ ತಗೊಂಡು ಕಟ್ಟಡ ಪೂರ್ತಿ ಸುತ್ತಿ. ಕೈಯಲ್ಲಿ ನಂಬರ್ ಹಾಕಿಸಿಕೊಂಡು ಕೂತಿರುವುದು ಏನೇನಿದೆ ಅಂತ ಬರೆಯಿರಿ. ಪ್ರಿಂಟರ್, ಸಿಸಿಟಿವಿ ರೆಕಾರ್ಡರ್, ಕ್ಯಾಮೆರಾಗಳು, ವೈಫೈ ಆಕ್ಸೆಸ್ ಪಾಯಿಂಟುಗಳು, ಬೆರಳು ಒತ್ತುವ ಹಾಜರಿ ಯಂತ್ರ. ಆಫ್ ಆಗಿರುವುದನ್ನೂ ಆನ್ ಮಾಡಿ ನೋಡಿ. ಶಾಲೆಯಲ್ಲಿ ನಾನು ಮಾಡಿದ ಒಂದು ತಪ್ಪು ಇದೇ. ಪ್ರಿಂಟರಿನ ಅಡ್ರೆಸ್ ನಾನು ಹಂಚಲು ಇಟ್ಟ ನಂಬರುಗಳ ನಡುವೆಯೇ ಇತ್ತು. ಡಿಎನ್‌ಎಸ್‌ಮಾಸ್ಕ್ ಪಾಪ, ಹೊಸ ನಂಬರ್ ಕೊಡುವ ಮುಂಚೆ ಅದು ಖಾಲಿ ಇದೆಯಾ ಅಂತ ಪಿಂಗ್ ಹೊಡೆದು ನೋಡುತ್ತದೆ. ಆದರೆ ಶನಿವಾರ ಪ್ರಿಂಟರ್ ಆಫ್. ಮಲಗಿದವನು ಓಗೊಡುತ್ತಾನಾ? ಆ ನಂಬರ್ ಒಂದು ಲ್ಯಾಪ್‌ಟಾಪಿಗೆ ಹೋಯಿತು, ಸೋಮವಾರ ಪ್ರಿಂಟರ್ ಎದ್ದಾಗ ಜಗಳ.

ಆಮೇಲೆ ನಂಬರುಗಳನ್ನು ಭಾಗ ಮಾಡಿ. ಬೋರ್ಡಿನ ಮೇಲೆ ನಾನು ಬರೆದದ್ದು 192.168.10 ಅನ್ನುವ ನೆಟ್‌ವರ್ಕ್, ಮಾಸ್ಕ್ 255.255.255.0. ಮಾಸ್ಕ್ ಹೀಗಿದ್ದರೆ ಅಡ್ರೆಸ್ಸಿನ ಮೊದಲ ಮೂರು ಭಾಗ ಎಲ್ಲರಿಗೂ ಒಂದೇ, ಕೊನೆಯದು ಮಾತ್ರ ಬೇರೆ ಬೇರೆ. ಇದರಲ್ಲಿ ಬಳಸಲು 254 ನಂಬರ್ ಸಿಗುತ್ತವೆ. 1 ರೂಟರಿಗೆ. 2 ನಮ್ಮ ಸರ್ವರಿಗೆ. 49ರವರೆಗೆ ಕೈಯಲ್ಲಿ ಹಾಕುವ ಪ್ರಿಂಟರ್, ಕ್ಯಾಮೆರಾ ಇತ್ಯಾದಿ. 50ರಿಂದ 99 ರಿಸರ್ವೇಶನ್. 100ರಿಂದ 220 ಬಂದವರಿಗೆ ಹಂಚಲು. ಉಳಿದದ್ದು ಖಾಲಿ ಇರಲಿ, ಯಾವಾಗಲಾದರೂ ಬೇಕಾಗುತ್ತದೆ.

"192.168.1 ಇಟ್ಟುಕೊಂಡರೆ ಆಗಲ್ವಾ, ರೂಟರಿನಲ್ಲಿ ಅದೇ ಬಂದಿರುತ್ತಲ್ಲ" ಅಂತ ಮೇಷ್ಟ್ರೊಬ್ಬರು ಕೇಳಿದರು. ಆಗುತ್ತದೆ. ಆದರೆ ಅಂಗಡಿಯಿಂದ ಬರುವ ರೂಟರುಗಳಲ್ಲಿ ಹೆಚ್ಚಿನವು 192.168.0 ಇಲ್ಲವೇ 192.168.1 ಇಟ್ಟುಕೊಂಡೇ ಬರುತ್ತವೆ. ನೀವು 10 ಇಟ್ಟುಕೊಂಡರೆ, ನಾಳೆ ಯಾರೋ ಕಳ್ಳ ರೂಟರ್ ಚುಚ್ಚಿದಾಗ ಅದು ಹಂಚಿದ ನಂಬರ್ ನೋಡಿದ ಕೂಡಲೇ ಗೊತ್ತಾಗುತ್ತದೆ. ತೋಟದ ದನಕ್ಕೆ ಗುರುತು ಹಾಕಿದ ಹಾಗೆ.

ಈಗ ಮುಖ್ಯ ಕೆಲಸ. ಈಗ ನಂಬರ್ ಹಂಚುತ್ತಿರುವವರು ಯಾರು? ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಅಂತ ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ಆಲ್ ಅಂತ ಸೇರಿಸಿ (ipconfig /all) ಒತ್ತಿ. ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ಡಿಎಚ್‌ಸಿಪಿ ಸರ್ವರ್ ಅಂತ ಒಂದು ಸಾಲು. ಈ ನಂಬರನ್ನು ಕೊಟ್ಟವನ ಅಡ್ರೆಸ್ ಅದು. ಎಷ್ಟೋ ಜನ ಹತ್ತು ವರ್ಷದಿಂದ ಈ ಕಮಾಂಡ್ ಹೊಡೆಯುತ್ತಾರೆ, ಆ ಸಾಲನ್ನು ಓದಿಲ್ಲ. ನಾನೂ ಓದಿರಲಿಲ್ಲ.

ಸಾಮಾನ್ಯವಾಗಿ ಅದು ನಿಮ್ಮ ರೂಟರೇ ಆಗಿರುತ್ತದೆ. ಹಿಂದಿನ ದಿನವೇ ಅದರಲ್ಲಿ ಲೀಸ್ ಸಮಯವನ್ನು ಒಂದು ಗಂಟೆಗೆ ಇಳಿಸಿಬಿಡಿ, ಆಗ ಎಲ್ಲ ಮೆಷಿನುಗಳೂ ಬೇಗ ಬೇಗ ಬಂದು ಕೇಳುವ ಅಭ್ಯಾಸಕ್ಕೆ ಬರುತ್ತವೆ, ಬದಲಾಯಿಸುವಾಗ ಹಳೇ ನಂಬರ್ ಹಿಡಿದುಕೊಂಡು ಕೂರುವುದಿಲ್ಲ. ಮರುದಿನ ರೂಟರಿನ ಡಿಎಚ್‌ಸಿಪಿ ಆಫ್ ಮಾಡಿ. ನಿಮ್ಮ ಹೊಸ ಸರ್ವರನ್ನು ಇನ್ನೂ ಚಾಲೂ ಮಾಡಬೇಡಿ. ಒಂದು ಲ್ಯಾಪ್‌ಟಾಪಿನಲ್ಲಿ ಅದೇ ಕಮಾಂಡಿಗೆ ಆಲ್ ಬದಲು ರಿಲೀಸ್, ಆಮೇಲೆ ರಿನ್ಯೂ ಹೊಡೆದು ಕಾಯಿರಿ. 169.254 ಬಂತಾ? ಖುಷಿ ಪಡಿ. ತೋಟದಲ್ಲಿ ಈಗ ಒಬ್ಬ ರೈಟರೂ ಇಲ್ಲ, ನೀವು ಹೋಗಿ ಕೂರಬಹುದು. ಆಫ್ ಮಾಡಿದ ಮೇಲೂ ಚೆಂದದ ನಂಬರ್ ಬಂದರೆ ಎಲ್ಲೋ ಇನ್ನೊಬ್ಬ ಇದ್ದಾನೆ. ಅವನನ್ನು ಹುಡುಕುವವರೆಗೆ ಮುಂದೆ ಹೋಗಬೇಡಿ. ಈ ಒಂದು ಪರೀಕ್ಷೆಗೆ ಐದು ನಿಮಿಷ ಸಾಕು. ಮಾಡದಿದ್ದರೆ ನನಗೆ ಆದ ಹಾಗೆ ಒಂದೂವರೆ ದಿನ.

ಈಗ ಆ ಕಥೆ. ಒಂದು ಹೋಂಸ್ಟೇ, ಸಿದ್ದಾಪುರದ ಕಡೆ. ಏಪ್ರಿಲ್ ತಿಂಗಳು, ಹೂಮಳೆ ಬಿದ್ದ ರಾತ್ರಿ ಸಿಡಿಲು ಹೊಡೆದು ಊಟದ ಹಾಲಿನ ಆಕ್ಸೆಸ್ ಪಾಯಿಂಟ್ ಸುಟ್ಟಿತು. ಮನೆಯಲ್ಲಿ ಅತಿಥಿಗಳು ತುಂಬಿದ್ದರು. ಮಾಲೀಕರ ಮಗ ಬುದ್ಧಿವಂತ, ಬೀರುವಿನಲ್ಲಿದ್ದ ಹಳೇ ರೂಟರ್ ತಂದು, ಸುಟ್ಟದ್ದರ ಕೇಬಲ್ ಕಿತ್ತು ಇದರ ಲ್ಯಾನ್ ಪೋರ್ಟಿಗೆ, ಅಂದರೆ ಒಳಗಿನ ನೆಟ್‌ವರ್ಕಿನ ತೂತಿಗೆ, ಚುಚ್ಚಿದ. ವೈಫೈ ಬಂತು. ಎಲ್ಲರೂ ಅವನನ್ನು ಹೊಗಳಿದರು. ಮರುದಿನದಿಂದ ಶುರು. ಒಬ್ಬರಿಗೆ ನೆಟ್ ಬರುತ್ತದೆ, ಪಕ್ಕದ ಕುರ್ಚಿಯವರಿಗೆ ಬರುವುದಿಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದರೆ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಹಾಲಿನಲ್ಲಷ್ಟೇ ಅಲ್ಲ, ದೂರದ ಕಾಟೇಜಿನಲ್ಲೂ ಹಾಗೆ. ನಾನು ಹೋಗಿ ಕೇಬಲ್ ಬದಲಾಯಿಸಿದೆ, ನೆಟ್‌ವರ್ಕ್ ಸ್ವಿಚ್ ಬದಲಾಯಿಸಿದೆ, ಇಂಟರ್‌ನೆಟ್ ಕೊಡುವವರಿಗೆ ಫೋನ್ ಮಾಡಿ ಸುಮ್ನೆ ರೇಗಾಡಿದೆ. ಅವರದ್ದೇನೂ ತಪ್ಪಿರಲಿಲ್ಲ ಮಾರಾಯ್ರೆ.

ಎರಡನೇ ದಿನ ಮಧ್ಯಾಹ್ನ, ಲ್ಯಾಪ್‌ಟಾಪಿನಲ್ಲಿ ಆ ಸಾಲು ಕಣ್ಣಿಗೆ ಬಿತ್ತು. ಡಿಎಚ್‌ಸಿಪಿ ಸರ್ವರ್ 192.168.0.1. ನಮ್ಮ ಸರ್ವರ್ 192.168.10.2. ಅಂದರೆ ಆ ಹಳೇ ರೂಟರ್ ತಾನೂ ರೈಟರ್ ಅಂದುಕೊಂಡು ತನ್ನ ಪುಸ್ತಕದಿಂದ ನಂಬರ್ ಕೊಡುತ್ತಿದೆ, ಗೇಟ್ ಅಂತ ತನ್ನನ್ನೇ ತೋರಿಸುತ್ತಿದೆ, ಅದರ ಇಂಟರ್‌ನೆಟ್ ಪೋರ್ಟಿಗೋ ಏನೂ ಚುಚ್ಚಿಲ್ಲ. ಗೇಟಿನ ಆಚೆ ಗೋಡೆ. ಯಾರ ಆಫರ್ ಮೊದಲು ಮುಟ್ಟಿತೋ ಅದರ ಮೇಲೆ ಅತಿಥಿಯ ಹಣೆಬರಹ. ನಮ್ಮ ಸರ್ವರ್ ಪಿಂಗ್ ಹೊಡೆದು ನೋಡುವಷ್ಟರಲ್ಲಿ ಇನ್ನೊಬ್ಬ ಕೊಟ್ಟುಬಿಟ್ಟಿದ್ದರೆ ಮುಗಿಯಿತು.

ಬಯಲುಸೀಮೆಯವರಿಗೆ ಇದು ಅಪರೂಪಕ್ಕೆ ಆಗುವ ಕಥೆ ಇರಬಹುದು. ನಮಗೆ ಏಪ್ರಿಲ್, ಮೇ ಬಂದರೆ ಸಿಡಿಲಿಗೆ ಏನಾದರೊಂದು ಸುಡುತ್ತದೆ, ಸುಟ್ಟದ್ದಕ್ಕೆ ಬದಲು ಕೈಗೆ ಸಿಕ್ಕಿದ್ದನ್ನು ಚುಚ್ಚುತ್ತೇವೆ. ಹಾಗಾಗಿ ಎರಡನೇ ರೈಟರ್ ನಮ್ಮಲ್ಲಿ ಹುಟ್ಟುವುದು ಜಾಸ್ತಿ. ಶಾಲೆಯವರಿಗೆ ದುಡ್ಡಿದ್ದರೆ ಡಿಎಚ್‌ಸಿಪಿ ಸ್ನೂಪಿಂಗ್ ಇರುವ ಮ್ಯಾನೇಜ್ಡ್ ಸ್ವಿಚ್ ತಗೊಳ್ಳಿ. ಸರ್ವರ್ ಇರುವ ಒಂದು ಪೋರ್ಟನ್ನು ಮಾತ್ರ ನಂಬು, ಉಳಿದ ಕಡೆಯಿಂದ ಯಾರಾದರೂ ಆಫರ್ ಕೊಟ್ಟರೆ ಬಿಸಾಡು ಅಂತ ಅದಕ್ಕೆ ಹೇಳಿಡಬಹುದು.

ಈಗ ಹದಿನೈದು ನಿಮಿಷದ ಕೆಲಸ. ಬೋರ್ಡಿನ ಮೇಲೆ ಬರೆದದ್ದನ್ನು ಇಲ್ಲಿ ಮಾತಿನಲ್ಲಿ ಹೇಳುತ್ತೇನೆ. ಡಿಎನ್‌ಎಸ್‌ಮಾಸ್ಕಿಗೆ ಒಂದೇ ಫೈಲು. ಮೊದಲ ಸಾಲು, ಯಾವ ನೆಟ್‌ವರ್ಕ್ ಕಾರ್ಡಿನಲ್ಲಿ ಕೇಳಿಸಿಕೊಳ್ಳಬೇಕು. ಎರಡನೆಯದು ರೇಂಜ್: 192.168.10.100ರಿಂದ 192.168.10.220, ಮಾಸ್ಕ್, 12 ಗಂಟೆ. ಮೂರನೆಯದು ಗೇಟ್‌ವೇ, ಆಪ್ಶನ್ 3 ಅಂತ ಕರೆಯುತ್ತಾರೆ. ನಾಲ್ಕನೆಯದು ಡಿಎನ್‌ಎಸ್, ಆಪ್ಶನ್ 6.

ಆ ಮೂರನೇ ಸಾಲನ್ನೇ ನಾನು ಶಾಲೆಯಲ್ಲಿ ಬರೆದಿರಲಿಲ್ಲ. ಬರೆಯದಿದ್ದರೆ ಡಿಎನ್‌ಎಸ್‌ಮಾಸ್ಕ್ ತನ್ನದೇ ಅಡ್ರೆಸ್ಸನ್ನು ಗೇಟ್‌ವೇ ಅಂತ ಕೊಡುತ್ತದೆ. ರೂಟರಿನೊಳಗೇ ಅದು ಕೂತಿದ್ದರೆ ಅದು ಸರಿ. ಮೂಲೆಯ ಹಳೇ ಡೆಸ್ಕ್‌ಟಾಪಿನಲ್ಲಿ ಕೂತಿದ್ದರೆ 32 ಕಂಪ್ಯೂಟರೂ ಆ ಡೆಸ್ಕ್‌ಟಾಪಿನ ಬಾಗಿಲು ತಟ್ಟುತ್ತಾ ನಿಲ್ಲುತ್ತವೆ. ನಂಬರ್ ಬಂತು ಅಂತ ಮನೆಗೆ ಹೋದ ನಾನು ಒಂದು ವೆಬ್‌ಸೈಟ್ ತೆರೆದು ನೋಡಿರಲಿಲ್ಲ. ನೀವು ನೋಡಿ. ಮೊದಲು ರೂಟರಿಗೆ ಪಿಂಗ್, ಆಮೇಲೆ ಹೊರಗಿನ ಒಂದು ಅಡ್ರೆಸ್ಸಿಗೆ ಪಿಂಗ್, ಆಮೇಲೆ ಹೆಸರು ಹೊಡೆದು ಒಂದು ಸೈಟ್. ಮೂರೂ ಆದರೆ ಕಾಫಿ.

ಉಬುಂಟು ಅನ್ನುವ ಲಿನಕ್ಸಿನಲ್ಲಿ ಹಾಕುವವರಿಗೆ ಇನ್ನೊಂದು ಕಾಟ ಇದೆ. ಡಿಎನ್‌ಎಸ್‌ಮಾಸ್ಕ್ ನಂಬರ್ ಹಂಚುವುದರ ಜೊತೆಗೆ ಡಿಎನ್‌ಎಸ್ ಕೆಲಸವನ್ನೂ ಮಾಡುತ್ತದೆ, ಅದಕ್ಕೆ 53ನೇ ಪೋರ್ಟ್ ಬೇಕು. 53ನೇ ಪೋರ್ಟ್ ಆಗಲೇ ಬಳಕೆಯಲ್ಲಿದೆ ಅಂತ ಹೇಳಿ ಡಿಎನ್‌ಎಸ್‌ಮಾಸ್ಕ್ ಏಳುವುದೇ ಇಲ್ಲ. ಅಲ್ಲಿ ಉಬುಂಟುವಿನದ್ದೇ ಸಿಸ್ಟಮ್‌ಡಿ ರಿಸಾಲ್ವ್‌ಡಿ ಅನ್ನುವ ಡಿಎನ್‌ಎಸ್ ಪ್ರೋಗ್ರಾಂ ಮೊದಲೇ ಕೂತಿರುತ್ತದೆ. ನಿಮಗೆ ನಂಬರ್ ಹಂಚುವ ಕೆಲಸ ಮಾತ್ರ ಬೇಕಿದ್ದರೆ ಪೋರ್ಟ್ 0 ಅಂತ ಒಂದು ಸಾಲು ಸೇರಿಸಿ, ಡಿಎನ್‌ಎಸ್ ಭಾಗ ಮಲಗುತ್ತದೆ, ಆಗ ಆಪ್ಶನ್ 6ರಲ್ಲಿ ರೂಟರಿನ ಅಡ್ರೆಸ್ ಕೊಡಿ. ಫೈರ್‌ವಾಲ್ ಇದ್ದರೆ ಯುಡಿಪಿ 67 ಬಿಡಿ. ಲಾಗ್ ಬರೆಯುವ ಸಾಲನ್ನು ಮರೆಯಬೇಡಿ, ಮೊದಲ ವಾರ ಆ ಲಾಗೇ ನಿಮ್ಮ ಕಣ್ಣು. ಒಂದು ಎಚ್ಚರಿಕೆ. ನೆಟ್‌ನಲ್ಲಿ ಸಿಗುವ ಹಳೇ ಪಾಠಗಳಲ್ಲಿ ಹೆಚ್ಚಿನವು ಐಎಸ್‌ಸಿ ಅನ್ನುವ ಸಂಸ್ಥೆಯ ಡಿಎಚ್‌ಸಿಪಿ ಸರ್ವರಿನದ್ದು. ಅದನ್ನು ಮಾಡಿದವರೇ 2022ರಲ್ಲಿ ನಿಲ್ಲಿಸಿದ್ದಾರೆ, ಈಗ ಅವರದ್ದು ಕೀಯಾ ಅಂತ ಬೇರೆ. ದೊಡ್ಡ ಜಾಗಕ್ಕೆ ಅದು ಒಳ್ಳೆಯದು, ನಮ್ಮಂಥವರಿಗೆ ಡಿಎನ್‌ಎಸ್‌ಮಾಸ್ಕ್ ಸಾಕು.

ಲೀಸ್ ಎಷ್ಟು ಹೊತ್ತು ಇಡಬೇಕು? ವಿಂಡೋಸ್ ಸರ್ವರಿನಲ್ಲಿ ನಾವೇನೂ ಹೇಳದಿದ್ದರೆ 8 ದಿನ. ಎಲ್ಲೋ ಅದನ್ನು ಓದಿ ನಾನು ಆರು ರೂಮಿನ ಒಂದು ಹೋಂಸ್ಟೇಯಲ್ಲೂ 8 ದಿನ ಹಾಕಿದ್ದೆ, ಹಂಚಲು 50 ನಂಬರ್. ಸಾಕು ಅನಿಸಿತ್ತು. ಉದ್ದ ರಜೆ ಬಂತು. ಶುಕ್ರವಾರ ಬಂದವರ ಹತ್ತಿರ ಫೋನು, ಲ್ಯಾಪ್‌ಟಾಪು, ಕೈಗಡಿಯಾರ ಎಲ್ಲ ಸೇರಿ ಇಪ್ಪತ್ತು ಚಿಲ್ಲರೆ. ಶನಿವಾರ ಅವರು ಹೋದರು, ಹೊಸಬರದ್ದು ಇನ್ನೂ ಇಪ್ಪತ್ತು. ಭಾನುವಾರ ಬಂದವರಲ್ಲಿ ಅರ್ಧ ಜನರ ಫೋನಿನಲ್ಲಿ "ಐಪಿ ಅಡ್ರೆಸ್ ಪಡೆಯಲಾಗುತ್ತಿದೆ" ಅಂತ ಸುತ್ತುತ್ತಲೇ ಇತ್ತು. ಶುಕ್ರವಾರದವರು ಬೆಂಗಳೂರು ಸೇರಿ ಆಫೀಸಿಗೆ ಹೋದರೂ ಪುಸ್ತಕದಲ್ಲಿ ಅವರ ಹೆಸರು ಇನ್ನೂ ಇದೆ. ಫೋನುಗಳು ಹೋಗುವಾಗ ಹೇಳಿ ಹೋಗುವುದು ಕಡಿಮೆ. ಈಗ ಅಲ್ಲಿ 6 ಗಂಟೆ ಇಟ್ಟಿದ್ದೇನೆ, ನಂಬರೂ ಜಾಸ್ತಿ ಮಾಡಿದ್ದೇನೆ.

ಹಾಗಂತ ಐದು ನಿಮಿಷ ಇಡಬೇಡಿ. ಲೀಸಿನ ಅರ್ಧ ಸಮಯ ಕಳೆದಾಗ ಮೆಷಿನ್ ಬಂದು "ಮುಂದುವರಿಸಲಾ" ಅಂತ ಕೊಟ್ಟವನನ್ನೇ ಕೇಳುತ್ತದೆ. ಉತ್ತರ ಬರದಿದ್ದರೆ ಎಂಟರಲ್ಲಿ ಏಳು ಭಾಗ ಕಳೆದಾಗ ಯಾರನ್ನಾದರೂ ಕೇಳುತ್ತದೆ. 12 ಗಂಟೆಯ ಲೀಸಿಗೆ 6 ಗಂಟೆ, ಆಮೇಲೆ ಹತ್ತೂವರೆ. ಪೂರ್ತಿ ಮುಗಿದರೆ ಮಾತ್ರ ನಂಬರ್ ಬಿಡಬೇಕು. ಅಂದರೆ ಸರ್ವರ್ ಸತ್ತರೂ ಆಗಲೇ ನಂಬರ್ ಇರುವವರಿಗೆ ಕೂಡಲೇ ಏನೂ ಆಗುವುದಿಲ್ಲ. ನಿಮ್ಮ ಕೈಗೆ ಸಿಗುವ ಸಮಯ ಅದು. ಖಾಯಂ ಜನ ಇರುವ ತೋಟದ ಆಫೀಸಿಗೆ ಮೂರ್ನಾಲ್ಕು ದಿನ ಇಟ್ಟರೂ ನಡೆಯುತ್ತದೆ.

ಪ್ರಶ್ನೆಗಳು ಬಂದವು, ಕೆಲವನ್ನು ಬರೆಯುತ್ತೇನೆ.

ರೈಟರೊಬ್ಬರು ತಮ್ಮ ಫೋನಿಗೆ ರಿಸರ್ವೇಶನ್ ಮಾಡಿದ್ದರಂತೆ, ಆದರೂ ಬೇರೆ ನಂಬರ್ ಬರುತ್ತದಂತೆ. ಆಂಡ್ರಾಯ್ಡ್ 10, ಐಫೋನಿನ ಐಓಎಸ್ 14 ಬಂದ ಮೇಲೆ ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ಅಡ್ರೆಸ್, ಅಂದರೆ ಕಾರ್ಖಾನೆಯಲ್ಲೇ ಹಾಕಿದ ಗುರುತಿನ ನಂಬರ್, ತೋರಿಸದೆ ಒಂದು ಸುಳ್ಳು ಅಡ್ರೆಸ್ ತೋರಿಸುತ್ತವೆ. ರಿಸರ್ವೇಶನ್ ನಿಂತಿರುವುದು ಮ್ಯಾಕ್ ಅಡ್ರೆಸ್ ಮೇಲೆ. ನಿಮ್ಮ ಫೋನಿನಲ್ಲಿ ಆ ಒಂದು ವೈಫೈಗೆ ಮಾತ್ರ ಅದನ್ನು ಆಫ್ ಮಾಡಿ. ಅತಿಥಿಗಳದ್ದು ಹಾಗೇ ಇರಲಿ, ಅದು ಅವರ ಒಳ್ಳೆಯದಕ್ಕೇ.

"ನಂಬರ್ ಕೊಡದಿದ್ದರೆ ಹೊರಗಿನವರು ನಮ್ಮ ನೆಟ್ ಬಳಸಲು ಆಗಲ್ಲ ಅಲ್ವಾ?" ಆಗುತ್ತದೆ. ಕೈಯಲ್ಲಿ ಒಂದು ನಂಬರ್ ಹಾಕಿಕೊಂಡರೆ ಆಯಿತು. ಬೀಗ ಅಂದರೆ ವೈಫೈ ಪಾಸ್‌ವರ್ಡ್, ಡಿಎಚ್‌ಸಿಪಿ ಬೀಗ ಅಲ್ಲ.

"ಎರಡು ಸರ್ವರ್ ಬೇಕಂತಲೇ ಇಡಬಹುದಾ, ಒಂದು ಕೆಟ್ಟರೆ ಇನ್ನೊಂದು ಅಂತ?" ಇಡಬಹುದು, ಒಂದೇ ನೆಟ್‌ವರ್ಕ್, ಒಂದೇ ಗೇಟ್‌ವೇ ಕೊಟ್ಟು, ಹಂಚುವ ನಂಬರುಗಳನ್ನು ಮಾತ್ರ ಭಾಗ ಮಾಡಿದರೆ. ಒಬ್ಬನಿಗೆ 100ರಿಂದ 180, ಇನ್ನೊಬ್ಬನಿಗೆ 181ರಿಂದ 220. ಆದರೆ ನಮ್ಮ ಊರಲ್ಲಿ ಎರಡನೇ ಸರ್ವರಿಗಿಂತ ಮೊದಲು ಒಂದು ಯುಪಿಎಸ್ ತಗೊಳ್ಳಿ. ರೂಟರ್, ಸ್ವಿಚ್, ಸರ್ವರ್ ಮೂರೂ ಅದರ ಮೇಲೆ ಇರಲಿ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ನಡೆಸುವವರಿಗೆ ಇದು ಇನ್ನೂ ಮುಖ್ಯ, ಕರೆಂಟ್ ಹೀಗೆ ದಿನಕ್ಕೆ ಹತ್ತು ಸಲ ಹೋಗಿ ಬಂದರೆ ಅದರ ಮೆಮೊರಿ ಕಾರ್ಡ್ ಕೆಡುತ್ತದೆ. ಕೆಡುವ ಮುಂಚೆ ಅದರ ಒಂದು ಕಾಪಿ ಇನ್ನೊಂದು ಕಾರ್ಡಿನಲ್ಲಿ ಮಾಡಿ ಡ್ರಾಯರಿನಲ್ಲಿಡಿ.

ಕೊನೆಗೆ ನಾಪೋಕ್ಲು ಕಡೆಯಿಂದ ಬಂದ ಅಕ್ಕ ಒಬ್ಬರು ಕೇಳಿದರು. "ನಮ್ಮ ಬೀರುವಿನಲ್ಲೂ ಹಳೇ ರೂಟರ್ ಎರಡು ಇದೆ. ಬಿಸಾಡಲಾ?"

ಬಿಸಾಡಬೇಡಿ ಅಕ್ಕ, ಸಿಡಿಲಿಗೆ ಅದೇ ಬೇಕಾಗುತ್ತದೆ. ಇವತ್ತೇ ಮನೆಗೆ ಹೋಗಿ, ನೆಟ್‌ವರ್ಕಿಗೆ ಚುಚ್ಚದೆ, ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ ಒಳಗೆ ಹೋಗಿ. ಅದರ ಸ್ವಂತ ಅಡ್ರೆಸ್ಸನ್ನು 192.168.10.3 ಮಾಡಿ, ಇನ್ನೊಂದಕ್ಕೆ 4. ಡಿಎಚ್‌ಸಿಪಿ ಆಫ್ ಮಾಡಿ. ಮೇಲೆ ಸ್ಟಿಕ್ಕರ್ ಅಂಟಿಸಿ ಆ ನಂಬರ್ ಬರೆಯಿರಿ, "ಲ್ಯಾನ್ ಪೋರ್ಟಿಗೆ ಮಾತ್ರ ಚುಚ್ಚಿ" ಅಂತಲೂ ಬರೆಯಿರಿ. ಆಮೇಲೆ ಬೀರುವಿನಲ್ಲಿಡಿ.

ಅವರು ಬರೆದುಕೊಂಡು, ಪೆನ್ ಮುಚ್ಚಿ, ಮತ್ತೆ ತೆಗೆದು ಕೇಳಿದರು. "ಮಗ ಆ ಸಣ್ಣ ತೂತಿಗೆ ಪಿನ್ ಹಾಕಿ ರೀಸೆಟ್ ಒತ್ತಿದರೆ?"

ಎಲ್ಲ ಮೊದಲಿನಂತೆ ಆಗುತ್ತದೆ, ಮತ್ತೆ ನಂಬರ್ ಹಂಚಲು ಶುರು ಮಾಡುತ್ತದೆ. ಸ್ಟಿಕ್ಕರನ್ನು ಆ ತೂತಿನ ಮೇಲೇ ಅಂಟಿಸಿ ಅಂದೆ.